ಗರಗಸ ಜುಟ್ಟು ಹುಟ್ಟದ ವರ್ಷ

ಉಗ್ರಾಣದ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಹಳೆಯ ಟವೆಲ್ ತುರುಕಿದರೆ ಒಳಗೆ ಹಗಲಲ್ಲೂ ಕತ್ತಲು. ಕನ್ನಡಕದಕ್ಕ ಟಾರ್ಚಿನ ಬಾಯಿಗೆ ರಟ್ಟಿನ ಕೊಳವೆ ಸಿಕ್ಕಿಸಿ, ಕಾವುಪೆಟ್ಟಿಗೆಯಿಂದ ತೆಗೆದ ಮೊಟ್ಟೆಯನ್ನು ಅದರ ಮೇಲಿಟ್ಟರು. ಮೊಟ್ಟೆ ಒಳಗಿನಿಂದ ದೀಪ ಹಚ್ಚಿದಂತೆ ಹೊಳೆಯಿತು. ಕಾವಿಗಿಟ್ಟು ಇಷ್ಟು ದಿನವಾದ ಮೇಲೆ, ಜೀವ ಹಿಡಿದಿದ್ದರೆ, ಒಳಗೆ ಕಾಲು ಚಾಚಿದ ಕೆಂಪು ಜೇಡದಂತೆ ನರಗಳು ಕಾಣಬೇಕು. ಕಾಣಲಿಲ್ಲ. ಹಳದಿಯ ನೆರಳೊಂದು ಅತ್ತಿತ್ತ ತೇಲಿತು, ಅಷ್ಟೇ. ಅದನ್ನು ಬದಿಗಿಟ್ಟು ಇನ್ನೊಂದು ತೆಗೆದರು. ಅದೂ ಖಾಲಿ. ಅದರ ಮುಂದಿನದೂ ಖಾಲಿ.

ಗೋಡೆಯ ಆಚೆಯಿಂದ ತಂದೆಯ ದನಿ ಬಂತು. "ಎಷ್ಟು?"

ಅಕ್ಕ ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ನೋಡಿ ಮುಗಿಸಿ, ಟಾರ್ಚ್ ಆರಿಸಿ, ಆಮೇಲೆ ಹೇಳಿದರು. "ಒಂದೂ ಇಲ್ಲಪ್ಪ."

"ಸರಿಯಾಗಿ ನೋಡಿದ್ಯಾ?"

ಗಾಜಿನ ಮೇಲೆ ಕೂದಲೆಳೆಯಷ್ಟು ಗೀರಿದ್ದರೂ ಹಿಡಿಯುವವರನ್ನು ಕೇಳುವ ಪ್ರಶ್ನೆಯಲ್ಲ ಅದು. ಅಕ್ಕ ನೋಡಿದೆ ಎಂದರು. ಗೋಡೆಯ ಆಚೆ ಮಂಚ ಕಿರುಗುಟ್ಟಿತು.

"ಹಾಗಾದ್ರೆ ಹೇಂಟೆಗಳೇ ಸರಿಯಿಲ್ಲ. ಮೊದಲು ಆ ಕುಂಟೀನ ತೆಗಿ. ಬಂಜೆ ಅದು."

ಕುಂಟಿ ಎಂದರೆ ಬೆರಳು ಸೊಟ್ಟಗಿರುವ ಹಳೆಯ ಹೇಂಟೆ. ಹಿತ್ತಲ ಗೂಡಿನಲ್ಲಿ ಅದನ್ನೂ ಸೇರಿಸಿ ಉಳಿದಿರುವುದು ಒಂದು ಕೈಯ ಬೆರಳಲ್ಲಿ ಎಣಿಸುವಷ್ಟು ಹೇಂಟೆಗಳು, ಅವುಗಳ ಜೊತೆ ದೊರೆ ಎಂದು ಕರೆಸಿಕೊಳ್ಳುವ ಒಂದೇ ಹುಂಜ. ಎಲ್ಲವಕ್ಕೂ ವಯಸ್ಸಾಗಿದೆ. ಮೊಟ್ಟೆ ಇಡುವುದು ಈ ಋತುವಿಗೆ ಮುಗಿಯುವ ಹಾಗಿದೆ. ಅಷ್ಟರೊಳಗೆ ಮರಿ ಆಗದಿದ್ದರೆ, ತಂದೆ ತಮ್ಮ ಅರ್ಧ ಆಯುಸ್ಸು ಕೊಟ್ಟು ಬೆಳೆಸಿದ ತಳಿ ಇಲ್ಲಿಗೆ ಮುಗಿಯುತ್ತದೆ. ಈ ಬೂದಿ ಬಣ್ಣದ, ಒಂದೊಂದು ಗರಿಗೂ ಕಪ್ಪು ಅಂಚು ಬರೆದಂತಿರುವ ಕೋಳಿ ಸುತ್ತಮುತ್ತ ಬೇರೆ ಯಾರ ಬಳಿಯೂ ಇಲ್ಲ ಎಂದೇ ಅಪ್ಪ ಮಗಳು ಇಬ್ಬರೂ ನಂಬಿದ್ದರು.

ಕನ್ನಡಕದಕ್ಕನಿಗೆ ಐವತ್ತು ದಾಟಿದೆ. ಮುಖ್ಯರಸ್ತೆಯ ಕನ್ನಡಕದಂಗಡಿಯಲ್ಲಿ, ಗಿರಾಕಿಗಳಿಗೆ ಕಾಣದ ಹಾಗೆ ಪರದೆಯ ಹಿಂದೆ, ಗಾಜು ಉಜ್ಜುವ ಯಂತ್ರದ ಮುಂದೆ ಅವರ ಸ್ಟೂಲು. ದುಂಡಗಿನ ಗಾಜನ್ನು ಚೌಕಟ್ಟಿನ ಆಕಾರಕ್ಕೆ ಸವೆಸಬೇಕು, ಅಂಚಿನ ಹರಿತ ತೆಗೆಯಬೇಕು, ತೊಳೆದು ದೀಪಕ್ಕೆ ಹಿಡಿದು ಗುಳ್ಳೆ ನೋಡಬೇಕು. ಗಾಜಿನ ಬಿಳಿ ಕೆಸರು ಉಗುರಿನ ಸಂದಿಗೆ ಸೇರಿ ಎಷ್ಟು ತೊಳೆದರೂ ಹೋಗುವುದಿಲ್ಲ. ಬೀದಿಯ ಅರ್ಧ ಜನ ಅವರು ಸವೆಸಿದ ಗಾಜಿನಿಂದಲೇ ಲೋಕ ನೋಡುತ್ತಾರೆ, ಅವರ ಮುಖ ಮಾತ್ರ ಅಷ್ಟಾಗಿ ಯಾರೂ ನೋಡಿಲ್ಲ.

ಮದುವೆಯಾಗಿ ಕೆಲವು ವರ್ಷ ಗಂಡನ ಮನೆಯಲ್ಲಿದ್ದರು. ಮಕ್ಕಳಾಗಲಿಲ್ಲ. ಪರೀಕ್ಷೆಗೆಂದು ಅತ್ತೆ ಇವರನ್ನು ಊರಲ್ಲಿದ್ದ ಡಾಕ್ಟರುಗಳ ಬಳಿಗೆಲ್ಲ ಕರೆದೊಯ್ದರು. ಮಗನನ್ನೂ ಒಮ್ಮೆ ಕರೆದೊಯ್ಯಬಹುದು ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಒಂದು ಮಧ್ಯಾಹ್ನ ಪೆಟ್ಟಿಗೆ ಹಿಡಿದು ತವರಿಗೆ ಬಂದಾಗ ತಂದೆ ಏನೂ ಕೇಳಲಿಲ್ಲ. ಕೋಳಿಗೂಡಿನ ಬೀಗದ ಕೈ ತೆಗೆದು ಅವರ ಕೈಗಿಟ್ಟರು. ಗಂಡನ ಮನೆ ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ಅಕ್ಕ ಈಗಲೂ ಹೇಳುವುದು ಇಷ್ಟೇ: ಪವರ್ ಹೊಂದಲಿಲ್ಲ.

ತಂದೆಯನ್ನು ಬೀದಿಯವರು ಮೊಳೆ ತಾತ ಎನ್ನುತ್ತಾರೆ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಸೀಸದ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಕೆಲಸ. ಜೊತೆಯವರೊಂದಿಗೆ ಪಂದ್ಯ ಕಟ್ಟಿ, ಕಣ್ಣು ಬಿಡದೆ ಬೆರಳಿನಿಂದಲೇ ಅಕ್ಷರ ಹೇಳುತ್ತಿದ್ದರಂತೆ. ಆ ಪಂದ್ಯದಲ್ಲಿ ಗೆದ್ದ ಚಹಾ ಕುಡಿದೇ ಅವರ ಅರ್ಧ ಹಲ್ಲು ಹಾಳಾದದ್ದು ಎಂದು ಹೆಂಡತಿ ಬದುಕಿದ್ದಾಗ ಆಡಿಕೊಳ್ಳುತ್ತಿದ್ದರು. ಈಗ ಅವರ ಕಣ್ಣಿಗೆ ಬೆಳಕು ಯಾವುದು ನೆರಳು ಯಾವುದು ಎಂಬಷ್ಟೇ ತಿಳಿಯುತ್ತದೆ. ಒಳಗಿನ ನರ ಒಣಗಿದೆ. ಮಗಳು ಸವೆಸುವ ಯಾವ ಗಾಜೂ ಅದಕ್ಕೆ ಆಗಿಬರಲಿಲ್ಲ. ಬೆರಳು ಮಾತ್ರ ಹಾಗೇ ಇದೆ.

ಕೋಳಿಯ ಹುಚ್ಚು ಹತ್ತಿಸಿದ್ದು ಅಚ್ಚುಕೂಟವೇ. ನಿವೃತ್ತನಾಗಿ ಹೊರಟ ಯಂತ್ರದವನೊಬ್ಬ ಕೆಟ್ಟ ಪ್ರತಿಯ ಕಾಗದದಲ್ಲಿ ಸುತ್ತಿದ ಕೆಲವು ಮೊಟ್ಟೆ ಕೊಟ್ಟು ಹೋಗಿದ್ದ. ಮರಿಗಳು ಬಲಿತಾಗ ಅವುಗಳ ತಲೆ ನೋಡಿ ತಾತ ಬೆರಗಾದರು. ಎಲ್ಲ ಕೋಳಿಗಳಂತೆ ಗರಗಸದ ಹಲ್ಲಿನ ಹಾಗೆ ಎದ್ದು ನಿಂತ ಜುಟ್ಟಲ್ಲ. ಅಗಲವಾಗಿ ತಲೆಗೆ ಅಂಟಿಕೊಂಡು, ಮೇಲೆಲ್ಲ ಕೆಂಪು ಮಣಿ ಒತ್ತಿದಂತೆ ಗಂಟು ಗಂಟಾಗಿ, ಹಿಂದಕ್ಕೆ ಚೂಪಾಗಿ ಮುಗಿಯುವ ಜುಟ್ಟು. ಗುಲಾಬಿ ಜುಟ್ಟು ಎನ್ನುತ್ತಾರೆ. ಆದರೆ ಪ್ರತಿ ಸಲವೂ ಮರಿಗಳ ನಡುವೆ ಒಂದೋ ಎರಡೋ ಗರಗಸ ಜುಟ್ಟಿನವು ಹುಟ್ಟುತ್ತಿದ್ದವು. ತಾತನ ಲೆಕ್ಕದಲ್ಲಿ ಅದು ತಪ್ಪಚ್ಚು. ತಪ್ಪಚ್ಚಾದ ಹಾಳೆ ಅಚ್ಚುಕೂಟದಿಂದ ಹೊರಗೆ ಹೋಗಬಾರದು.

ಹಾಗಾಗಿ ಒಂದು ಕಟ್ಟಳೆ ಬಂತು. ಜುಟ್ಟಿನ ಆಕಾರ ತಿಳಿಯುವಷ್ಟಾದ ಕೂಡಲೇ ತಾತ ಮರಿಗಳನ್ನು ಒಂದೊಂದಾಗಿ ಎತ್ತಿ ಹೆಬ್ಬೆರಳಿನಿಂದ ತಲೆ ಸವರುವರು. ಗರಗಸದವು ಮುಚ್ಚಳದ ಬೆತ್ತದ ಬುಟ್ಟಿಗೆ. ಆ ಬುಟ್ಟಿಯನ್ನು ಹೊತ್ತು ಸೈಕಲ್ ಮಾವನ ಅಂಗಡಿಗೆ ಮುಟ್ಟಿಸುವುದು ಆಗಿನ್ನೂ ಲಂಗ ತೊಡುತ್ತಿದ್ದ ಮಗಳ ಕೆಲಸ. ಮಾವ ಎಂದರೆ ಅಮ್ಮನ ತಮ್ಮ, ಎರಡು ಬೀದಿ ಆಚೆ ಸೈಕಲ್ ರಿಪೇರಿ ಮಾಡುವವರು. ಕತ್ತು ಹಿಚುಕಿ ಮುಗಿಸುವುದು ಅವರಿಗೆ ಬಿಟ್ಟದ್ದು. ಬುಟ್ಟಿ ಖಾಲಿಯಾಗಿ ವಾಪಸ್ಸು ಬರುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ.

ಮರಿ ಅಷ್ಟೇ ಅಲ್ಲ, ಗರಗಸ ಮರಿ ಹುಟ್ಟಿಸಿದ ಹುಂಜವನ್ನೂ ತಾತ ಗೂಡಿನಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ. ಹೀಗೆ ಸೋಸಿ ಸೋಸಿ, ಮಗಳು ತವರಿಗೆ ಮರಳಿದ ಎಷ್ಟೋ ವರ್ಷಗಳ ಮೇಲೆ, ಒಂದು ವರ್ಷ ಒಂದೇ ಒಂದು ಗರಗಸ ಜುಟ್ಟೂ ಹುಟ್ಟಲಿಲ್ಲ. ಮುಂದಿನ ವರ್ಷವೂ ಹುಟ್ಟಲಿಲ್ಲ. ಆಗಿನ್ನೂ ತಾತನಿಗೆ ಕಣ್ಣು ಚೆನ್ನಾಗಿತ್ತು. ಇಸ್ತ್ರಿಯ ಅಂಗಿ ತೊಟ್ಟು, ಹುಂಜವನ್ನು ಕಂಕುಳಲ್ಲಿ ಹಿಡಿದು ಅಚ್ಚುಕೂಟಕ್ಕೆ ಹೋಗಿ, ಕೆಲಸ ಮಾಡುತ್ತಿದ್ದವರನ್ನೆಲ್ಲ ನಿಲ್ಲಿಸಿ ತೋರಿಸಿ ಬಂದರು. ಬೆತ್ತದ ಬುಟ್ಟಿ ಅಟ್ಟಕ್ಕೆ ಹೋಯಿತು.

ಕಾವುಪೆಟ್ಟಿಗೆಯಲ್ಲಿ ಖಾಲಿ ಮೊಟ್ಟೆ ಹೆಚ್ಚಾಗತೊಡಗಿದ್ದು ಆಮೇಲೆ. ಒಂದೇ ಸಲಕ್ಕಲ್ಲ, ಯಾರಿಗೂ ಅನುಮಾನ ಬರದಷ್ಟು ನಿಧಾನವಾಗಿ. ಕಾವು ಸಾಲದೆಂದು ಪೆಟ್ಟಿಗೆ ಬದಲಾಯಿಸಿದರು. ಸೆಖೆಯೆಂದು ಗೂಡಿನ ಸೂರಿಗೆ ಗೋಣಿ ಹೊದಿಸಿ ನೀರು ಹೊಯ್ದರು. ಕಾಳು ಬದಲಾಯಿತು, ಸುಣ್ಣದ ಪುಡಿ ಬಂತು, ಹೋಯಿತು. ಕೊನೆಗೆ ಪ್ರತಿ ಸಲವೂ ತಪ್ಪು ಬಂದು ನಿಲ್ಲುತ್ತಿದ್ದುದು ಹೇಂಟೆಗಳ ತಲೆಯ ಮೇಲೆ. ಕೊಬ್ಬಿದವು, ಸೋಮಾರಿಗಳು, ಬಂಜೆಗಳು. ಆ ಮಾತು ಬಂದಾಗಲೆಲ್ಲ ಕನ್ನಡಕದಕ್ಕ ನೀರಿನ ಬಕೆಟ್ ಎತ್ತಿಕೊಂಡು ಅಲ್ಲಿಂದ ಹೋಗಿಬಿಡುತ್ತಿದ್ದರು.

ಈ ಸಲ ಹೋಗಲಿಲ್ಲ. ಕುಂಟಿಯನ್ನು ತೆಗೆಯಲೂ ಇಲ್ಲ. ದೊರೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೋದರು.

ಅಲ್ಲಿನ ಡಾಕ್ಟರು ಕನ್ನಡಕದಕ್ಕನ ಅರ್ಧ ವಯಸ್ಸಿನ ಹೆಂಗಸು. ಹುಂಜದ ಬೆನ್ನು ಸವರಿ, ಬಾಲದ ಬುಡ ಒತ್ತಿ, ಬಂದ ವೀರ್ಯದ ಹನಿಯನ್ನು ಗಾಜಿನ ಪಟ್ಟಿಗೆ ಹಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬಹಳ ಹೊತ್ತು ನೋಡಿ, ನೀವೂ ನೋಡಿ ಎಂದು ಪಕ್ಕಕ್ಕೆ ಸರಿದರು. ಅಕ್ಕ ಕಣ್ಣಿಟ್ಟರು. ಎಳೆಗಳಂಥವು ಬೇಕಾದಷ್ಟಿದ್ದವು. ಅಲುಗುತ್ತಿದ್ದವು, ಆದರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಸಂತೆ ಮುಗಿದ ಮೇಲೆ ದಾರಿ ತಪ್ಪಿದವರ ಹಾಗೆ ಇದ್ದಲ್ಲೇ ಸುತ್ತುತ್ತಿದ್ದವು.

ಡಾಕ್ಟರು ಕೇಳಿದ ಮುಂದಿನ ಪ್ರಶ್ನೆ ವಿಚಿತ್ರವಾಗಿತ್ತು. ಮಂದೆಯಲ್ಲಿ ಕೊನೆಯ ಸಲ ಗರಗಸ ಜುಟ್ಟಿನ ಮರಿ ಹುಟ್ಟಿದ್ದು ಯಾವಾಗ? ಅಕ್ಕ ಸ್ವಲ್ಪ ಹೆಮ್ಮೆಯಿಂದಲೇ, ಹುಟ್ಟಿ ಬಹಳ ವರ್ಷವಾಯಿತು, ಅಂಥ ಮರಿ ಹುಟ್ಟಿಸಿದ ಹುಂಜವನ್ನೂ ನಾವು ಇಟ್ಟುಕೊಳ್ಳುತ್ತಿರಲಿಲ್ಲ ಎಂದರು. ಡಾಕ್ಟರು ಕೈಗವಸು ಕಳಚಿ ಸ್ಟೂಲಿನ ಮೇಲೆ ಕೂತರು.

ಅವರು ವಿವರಿಸಿದ್ದು ಇಷ್ಟು. ಜುಟ್ಟಿನ ಗುಣ ಮರಿಗೆ ಎರಡು ಪಾಲಾಗಿ ಬರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಗುಲಾಬಿಯದು ಒಂದು ಪಾಲಿದ್ದರೂ ಸಾಕು, ಜುಟ್ಟು ಗುಲಾಬಿಯೇ ಆಗುತ್ತದೆ. ಗರಗಸದ ಪಾಲು ಒಳಗೆ ಅಡಗಿ ಕೂತಿರುತ್ತದೆ. ಅಂಥ ಹುಂಜ ಗಟ್ಟಿ. ಎರಡು ಪಾಲೂ ಗುಲಾಬಿಯಾದ ಹುಂಜ ನೋಡಲು ಒಂದಿಷ್ಟೂ ಬೇರೆಯಲ್ಲ, ಆದರೆ ಅದರ ಬೀಜಕ್ಕೆ ಕಸುವಿರುವುದಿಲ್ಲ, ಮೊಟ್ಟೆ ಮುಟ್ಟುವ ಮೊದಲೇ ಸೋಲುತ್ತದೆ. ನಿಮ್ಮ ಮಂದೆಯಲ್ಲಿ ಈಗ ಉಳಿದಿರುವುದು ಅಂಥವೇ ಇರಬೇಕು.

"ಗರಗಸ ಮರಿ ಹುಟ್ತಿದ್ದಷ್ಟು ದಿನ ನಿಮ್ಮ ಹುಂಜ ಚೆನ್ನಾಗಿತ್ತು ಅಂತ ಅರ್ಥ," ಎಂದರು ಡಾಕ್ಟರು. "ನೀವು ಎತ್ತಿ ಬಿಸಾಕಿದ್ದು ಅದನ್ನೇ."

ಅಕ್ಕನಿಗೆ ಆ ಹುಂಜಗಳೆಲ್ಲ ನೆನಪಾದವು. ತಾತ ಹೊರಗೆ ಹಾಕಿದ ಒಂದೊಂದರ ಕಾಲದಲ್ಲೂ ಕಾವುಪೆಟ್ಟಿಗೆಯ ತಟ್ಟೆ ತುಂಬಾ ಕಿಚಿಪಿಚಿ.

"ಹೇಂಟೆಗಳದು?" ಎಂದು ಕೇಳಿದರು.

"ಹೇಂಟೆಗಳಿಗೆ ಇದ್ರಿಂದ ಏನೂ ತೊಂದ್ರೆ ಇಲ್ಲ. ಎರಡು ಪಾಲಿದ್ರೂ ಇಲ್ಲ. ಅವುಗಳ ಮೇಲೆ ಯಾಕೆ ಹೋಗ್ತೀರ?"

ಅಕ್ಕ ದೊರೆಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮಡಿಸಿದರು. ಮಡಿಸಿದ್ದನ್ನು ಬಿಚ್ಚಿ ಇನ್ನೊಮ್ಮೆ ಮಡಿಸಿದರು. ಇದೇ ತಳಿಯ ಗರಗಸ ಜುಟ್ಟಿನ ಹುಂಜ ಒಂದು ಸಿಕ್ಕರೆ ಸಾಕು, ಮರಿಗಳ ಜುಟ್ಟು ಗುಲಾಬಿಯೇ ಆಗುತ್ತದೆ, ತಳಿಯೂ ಉಳಿಯುತ್ತದೆ ಎಂದು ಡಾಕ್ಟರು ಬಾಗಿಲವರೆಗೆ ಬಂದು ಹೇಳಿದರು. ಅದೊಂದು ಮಾತ್ರ ಇಲ್ಲ, ಎಲ್ಲವನ್ನೂ ಕೊಂದಾಯಿತು ಎಂದು ಅಕ್ಕ ಹೇಳಿದರು.

ತಾತ ಪೂರ್ತಿ ಕೇಳಿಸಿಕೊಂಡರು. ಪ್ರತಿ ಸಂಜೆಯಂತೆ ದೊರೆ ಅವರ ತೊಡೆಯ ಮೇಲಿತ್ತು, ಬೆರಳು ಅದರ ಜುಟ್ಟಿನ ಗಂಟುಗಳ ಮೇಲೆ ಓಡಾಡುತ್ತಿತ್ತು. ಅದು ಅವರ ದಿನದ ಪತ್ರಿಕೆ ಓದು.

"ಜುಟ್ಟಿಗೂ ಅದಕ್ಕೂ ಏನೇ ಸಂಬಂಧ? ಟೋಪಿ ಬದಲಾಯಿಸಿದ್ರೆ ಮಕ್ಕಳಾಗುತ್ತಾ?" ಎಂದು ನಕ್ಕರು. ಮಗಳು ನಗಲಿಲ್ಲ. ಆಗ ತಾತನ ಮುಖ ಬಿಗಿಯಿತು. "ಕೇಳಿಲ್ಲಿ. ಎಲ್ಲಿಂದಾದ್ರೂ ಗರಗಸ ತಂದು ನನ್ನ ಗೂಡಿಗೆ ಬಿಟ್ರೆ, ಅದರ ಕತ್ತು ನಾನೇ ಮುರೀತೀನಿ. ಕಣ್ಣಿಲ್ಲ ಅಂತ ಅಂದ್ಕೋಬೇಡ. ಮುಗಿಯೋದಾದ್ರೆ ಶುದ್ಧವಾಗೇ ಮುಗೀಲಿ."

ಮರುದಿನ ಊಟದ ಬಿಡುವಿನಲ್ಲಿ ಅಕ್ಕ ಸೈಕಲ್ ಮಾವನ ಅಂಗಡಿಗೆ ಹೋದರು. ಕೇಳುವುದಕ್ಕೆ ಅಂಥದ್ದೇನೂ ಇರಲಿಲ್ಲ. ಆ ಮರಿಗಳನ್ನು ಕೊಂದದ್ದು ಎಲ್ಲಿ, ಒಂದಾದರೂ ತಪ್ಪಿಸಿಕೊಂಡಿತ್ತೇ ಎಂದು ಬಾಯಿಬಿಟ್ಟು ಕೇಳದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಮಾವ ತಲೆಕೆಳಗಾದ ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸುತ್ತಿದ್ದರು. ಪ್ರಶ್ನೆ ಕೇಳಿ ಅವರ ಕೈ ನಿಂತಿತು. ಗುಳ್ಳೆ ಬರುತ್ತಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬೀದಿಯ ಎರಡೂ ಕಡೆ ನೋಡಿದರು.

"ನಿಮ್ಮಪ್ಪ ಕಳಿಸಿದ್ರಾ?"

ಇಲ್ಲ ಎಂದ ಮೇಲೆ ಎದ್ದು ಹಿಂದಿನ ಬಾಗಿಲಿಗೆ ಒರಗಿಸಿದ್ದ ಟೈರುಗಳ ರಾಶಿಯನ್ನು ಒಂದೊಂದಾಗಿ ಸರಿಸಿದರು. ಅಷ್ಟು ವರ್ಷ ಬುಟ್ಟಿ ಹೊತ್ತು ಬಂದರೂ ಅಲ್ಲೊಂದು ಬಾಗಿಲಿದೆ ಎಂದೇ ಅಕ್ಕನಿಗೆ ತಿಳಿದಿರಲಿಲ್ಲ. ಆಚೆ ಕಿರಿದಾದ ಅಂಗಳ. ತುಕ್ಕು ಹಿಡಿದ ಮಡ್‌ಗಾರ್ಡುಗಳ ನಡುವೆ, ಹಳೆಯ ಚಕ್ರಗಳ ಮೇಲೆ, ನೆಲದ ತುಂಬಾ ಬೂದಿ ಬಣ್ಣದ ಕೋಳಿಗಳು. ಒಂದೊಂದು ಗರಿಗೂ ಕಪ್ಪು ಅಂಚು. ಒಂದೊಂದರ ತಲೆಯ ಮೇಲೂ ಗರಗಸ. ತಾಯಿಕೋಳಿಗಳ ಹಿಂದೆ ಮರಿಗಳ ಸಾಲೇ ಓಡಾಡುತ್ತಿತ್ತು.

"ಕತ್ತು ಹಿಚುಕೋಕೆ ಕೈ ಬರ್ಲಿಲ್ಲ ಕಣೇ," ಎಂದರು ಮಾವ. "ಇದು ತೂತು ಮುಚ್ಚೋ ಕೈ. ನಿಮ್ಮಮ್ಮನಿಗೆ ಗೊತ್ತಿತ್ತು. ಭಾವನಿಗೆ ಹೇಳೋ ಧೈರ್ಯ ಅವಳಿಗೂ ಇರ್ಲಿಲ್ಲ, ನನಗಂತೂ ಮೊದಲೇ ಇಲ್ಲ." ಆಮೇಲೆ, ಹೇಳಲೋ ಬೇಡವೋ ಎಂಬಂತೆ, ತಾತ ದಿನ ಬೆಳಿಗ್ಗೆ ತಿನ್ನುವ ಮೊಟ್ಟೆ ಇವುಗಳದ್ದೇ ಎಂದು ಸೇರಿಸಿದರು. ಮನೆಯ ಮೊಟ್ಟೆಯೆಲ್ಲ ಕಾವಿಗೆ ಹೋಗುವುದರಿಂದ ತಿನ್ನುವ ಮೊಟ್ಟೆ ಮಾವನ ಅಂಗಡಿಯಿಂದ ಬರುವುದು ಹಳೆಯ ವಾಡಿಕೆ. ಪೇಟೆಯಿಂದ ತರಿಸುತ್ತಾರೆ ಎಂದೇ ಅಪ್ಪ ಮಗಳು ಅಂದುಕೊಂಡಿದ್ದರು.

ಅಕ್ಕ ಗೋಡೆಗೆ ಒರಗಿ ನಿಂತು ಅಂಗಳವನ್ನೇ ನೋಡಿದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಿಡುವು ಮುಗಿಯುತ್ತಿತ್ತು. ಎಳೆಯ ಹುಂಜವೊಂದನ್ನು ಬೊಟ್ಟು ಮಾಡಿ ತೋರಿಸಿದರು.

ಉಪಾಯ ಮಾವನದು. ಹುಂಜ ಗೂಡಿನಲ್ಲಿ ಸದಾ ಇರಬೇಕೆಂದೇನಿಲ್ಲ, ಆಗಾಗ ಸ್ವಲ್ಪ ಹೊತ್ತು ಬಿಟ್ಟರೆ ಸಾಕು. ತಾತ ಊಟ ಮಾಡಿ ಮಲಗುವ ಹೊತ್ತಿಗೆ ಮಾವ ಸೈಕಲ್ಲಿನ ಕ್ಯಾರಿಯರಿಗೆ ಟ್ಯೂಬಿನ ಪೆಟ್ಟಿಗೆ ಕಟ್ಟಿಕೊಂಡು ಹಿತ್ತಲ ಗೇಟಿಗೆ ಬರುವರು. ಅಕ್ಕ ಅಂಗಡಿಯಿಂದ ಓಡಿ ಬಂದು, ದೊರೆಯನ್ನು ಹಿಡಿದು ಕುಕ್ಕೆಯ ಕೆಳಗೆ ಮುಚ್ಚಿ, ಪೆಟ್ಟಿಗೆಯಲ್ಲಿದ್ದುದನ್ನು ಗೂಡಿಗೆ ಬಿಡುವರು. ಹುಂಜ ಕೂಗದಿರಲೆಂದು ಗೂಡಿಗೆ ಕಂಬಳಿ ಇಳಿಬಿಡುವರು. ಇಬ್ಬರೂ ಬೇಲಿಯ ಪಕ್ಕ ನಿಂತು ಕಿಟಕಿಯ ಕಡೆಗೇ ಕಿವಿ ಕೊಡುವರು. ತಾತನ ಗೊರಕೆ ತಪ್ಪಿದರೆ ಅಕ್ಕ ಗೂಡಿನ ಬಾಗಿಲಿಗೆ ಕೈ ಹಾಕುತ್ತಿದ್ದರು. ಈ ವಯಸ್ಸಿನಲ್ಲಿ ಹೀಗೆ ಕಳ್ಳತನ ಮಾಡುತ್ತೇವೆಂದು ಯಾರಾದರೂ ಹೇಳಿದ್ದರೆ ಅವರನ್ನೇ ಪೊಲೀಸರಿಗೆ ಹಿಡಿದುಕೊಡುತ್ತಿದ್ದೆ ಎಂದು ಮಾವ ಪಿಸುಗುಟ್ಟುತ್ತಿದ್ದರು.

ಮೊದಲ ಸಂಜೆಯೇ ತಾತ ದೊರೆಯ ಜುಟ್ಟು ಸವರುತ್ತಿದ್ದವರು ಮೂಗೆತ್ತಿದರು.

"ನಿನ್ನ ಕೈ ರಬ್ಬರ್ ವಾಸನೆ ಬರ್ತಿದೆ."

"ಮಾವನ ಅಂಗಡಿಗೆ ಹೋಗಿದ್ದೆ. ಮೊಟ್ಟೆ ತರೋಕೆ."

"ಮೊಟ್ಟೆ ನಿನ್ನೆ ತಂದಿದ್ಯಲ್ಲ."

ಅಕ್ಕ ನೀರಿನ ಬಕೆಟ್ ಎತ್ತಿಕೊಂಡರು. ತಾತ ಮತ್ತೆ ಕೇಳಲಿಲ್ಲ. ಕೇಳದೆ ಬಿಟ್ಟದ್ದೇ ಅಕ್ಕನನ್ನು ಹೆಚ್ಚು ಹೆದರಿಸಿತು. ತಂದೆ ಮಾತು ಬಿಟ್ಟಾಗ ಕಿವಿ ಕೆಲಸ ಮಾಡುತ್ತಿರುತ್ತದೆ ಎಂದು ಅವರಿಗೆ ಗೊತ್ತು. ಮರುದಿನ ಯಂತ್ರದ ಮುಂದೆ ಗಾಜೊಂದು ಅವರ ಕೈಯಲ್ಲಿ ಒಡೆಯಿತು. ಅಂಗಡಿಯವರು ಅವರ ಮುಖವನ್ನು ಒಮ್ಮೆ ನೋಡಿದರು.

ಹಾಗಿದ್ದೂ ಒಂದೆರಡು ಸಲ ಕೆಲಸ ಸುಸೂತ್ರವಾಗಿ ನಡೆಯಿತು. ಆಮೇಲಿನ ಮಧ್ಯಾಹ್ನ ಗಾಳಿ ಜೋರಾಗಿತ್ತು. ಗೂಡಿನ ಮೇಲಿನ ಕಂಬಳಿ ಒಂದು ಮೂಲೆಯಲ್ಲಿ ಜಾರಿತು, ಒಳಗೆ ಬಿಸಿಲು ಬಿತ್ತು. ಎಳೆಯ ಹುಂಜ ಕತ್ತು ನೀಟಿ, ರೆಕ್ಕೆ ಬಡಿದು ಕೂಗಿತು. ದೊರೆಯದು ಒಡೆದ ದನಿ, ಕೊನೆಗೆ ಕೆಮ್ಮಿನ ಹಾಗೆ ಮುಗಿಯುತ್ತದೆ. ಇದು ಕೊಳಲಿನ ಹಾಗೆ ಬೀದಿಯ ಕೊನೆಯವರೆಗೂ ಹೋಯಿತು.

ಕಿಟಕಿಯ ಒಳಗೆ ಗೊರಕೆ ನಿಂತಿತು.

ಗೋಡೆ ಸವರುವ ಸದ್ದು, ಕೋಲು ಹೊಸ್ತಿಲಿಗೆ ತಾಗಿದ ಸದ್ದು. ಹಿತ್ತಲ ಬಾಗಿಲಲ್ಲಿ ತಾತ ಬಂದು ನಿಂತರು. ಬನಿಯನ್ನು, ಮಡಚಿ ಕಟ್ಟಿದ ಲುಂಗಿ, ಬಿಸಿಲ ಕಡೆ ತಿರುಗಿದ ಮುಖ. ಬಾಗಿಲ ಪಕ್ಕದ ಕಲ್ಲಿನ ಮೇಲೆ ನಿಧಾನಕ್ಕೆ ಕೂತು ಎರಡೂ ಕೈ ಮುಂದೆ ಚಾಚಿದರು.

"ಈಗ ಕೂಗಿದ್ದನ್ನ ಇಲ್ಲಿ ಕೊಡು."

ಗೇಟಿನಲ್ಲಿ ನಿಂತಿದ್ದ ಮಾವ ಸದ್ದಿಲ್ಲದೆ ಕುಕ್ಕೆಯ ಕಡೆ ಬೆರಳು ತೋರಿಸಿದರು. ದೊರೆ ಅಲ್ಲೇ ಇತ್ತು, ಕೈಯಳತೆಯಲ್ಲಿ. ಅದನ್ನೇ ಎತ್ತಿ ತಾತನ ತೊಡೆಗೆ ಹಾಕಿದರೆ ಮುಗಿಯಿತು. ಬಿಸಿಲಿಗೆ ದನಿ ತೆರೆದುಕೊಂಡಿತು ಅಂತಲೋ, ಪಕ್ಕದ ಬೀದಿಯದು ಕೂಗಿರಬೇಕು ಅಂತಲೋ ಹೇಳಬಹುದಿತ್ತು. ತಾತ ನಂಬುತ್ತಿದ್ದರೋ ಇಲ್ಲವೋ, ಸಾಕ್ಷಿಯಂತೂ ಇರುತ್ತಿರಲಿಲ್ಲ. ಅಕ್ಕ ಕುಕ್ಕೆಯವರೆಗೆ ಹೋದರು. ಬಗ್ಗಿದರು. ಗೂಡಿನ ಮೂಲೆಯಲ್ಲಿ ಕುಂಟಿ ಒಂಟಿಕಾಲಲ್ಲಿ ನಿಂತು ಅವರನ್ನೇ ನೋಡುತ್ತಿತ್ತು.

ಅಕ್ಕ ನೆಟ್ಟಗಾದರು. ಗೂಡಿನ ಬಾಗಿಲು ತೆಗೆದು ಎಳೆಯ ಹುಂಜವನ್ನು ಹಿಡಿದು ತಂದು ತಂದೆಯ ಕೈಗಿಟ್ಟರು.

ತಾತನ ಬಲಗೈ ತಲೆಗೆ ಹೋಯಿತು, ಹೋಗಿ ನಿಂತಿತು. ಆಮೇಲೆ ಹೆಬ್ಬೆರಳು ಗರಗಸದ ಮೊದಲ ಹಲ್ಲನ್ನು ಮುಟ್ಟಿತು, ಎರಡನೆಯದನ್ನು ಮುಟ್ಟಿತು, ಸಾಲಿನ ಕೊನೆಯವರೆಗೂ ಒಂದೊಂದನ್ನೇ ಓದಿಕೊಂಡು ಹೋಯಿತು. ಎಡಗೈ ಕತ್ತಿನ ಸುತ್ತ ಬಂದು ಕೂತಿತು. ಹುಂಜ ಒಮ್ಮೆ ಒದ್ದಾಡಿ ಸುಮ್ಮನಾಯಿತು. ಮಾವ ಗೇಟಿನ ಸರಳು ಹಿಡಿದರು.

"ಎಲ್ಲಿತ್ತು ಇದು?"

"ನನ್ನ ಹತ್ರ, ಭಾವ," ಎಂದರು ಮಾವ. "ನೀವು ಕಳಿಸಿದ್ದೆಲ್ಲ ನನ್ನ ಹತ್ರನೇ ಇತ್ತು. ಇದು ಅವುಗಳ ಮರಿಮಗ."

"ನಾನು ಕೊಲ್ಲೋಕೆ ಕಳಿಸಿದ್ದು."

"ಹೌದು ಭಾವ. ಕಳಿಸ್ತಿದ್ರಿ. ಯಾವತ್ತೂ ಬಂದು ನೋಡ್ಲಿಲ್ಲ."

ತಾತನ ಬಲಗೈ ಜುಟ್ಟು ಬಿಟ್ಟು ಕೆಳಗಿಳಿಯಿತು. ಎದೆಯ ಎಲುಬು, ತೊಡೆಯ ತುಂಬು, ಕಾಲಿನ ಹುರುಪೆ. ರೆಕ್ಕೆಯೊಂದನ್ನು ಬಿಡಿಸಿ ಗರಿಗಳನ್ನು ಪುಟ ಮಗುಚಿದ ಹಾಗೆ ಒಂದರ ಮೇಲೊಂದು ಸರಿಸಿದರು. ಎಡಗೈ ಕತ್ತನ್ನು ಬಿಡಲಿಲ್ಲ.

ಅಕ್ಕ ಅವರ ಮುಂದೆ ಕೂತರು. ಕೈ ಹಿಡಿಯಲಿಲ್ಲ, ಹುಂಜವನ್ನು ಕಿತ್ತುಕೊಳ್ಳಲೂ ಹೋಗಲಿಲ್ಲ.

"ಮುರಿಯೋದಾದ್ರೆ ಮುರಿಯಪ್ಪ. ಇವತ್ತಿಗೆ ಎಲ್ಲಾ ಮುಗಿಯುತ್ತೆ. ಆದ್ರೆ ಹೇಂಟೆಗಳ ತಪ್ಪು ಅಂತ ಇನ್ನೊಂದ್ಸಲ ನನ್ನ ಮುಂದೆ ಅನ್ಬೇಡ. ಈಗ್ಲೂ ಅವುಗಳ ತಪ್ಪಲ್ಲ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಆಗ್ಲೂ ಇರ್ಲಿಲ್ಲ. ನನ್ನನ್ನೊಬ್ಬಳನ್ನೇ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ರು."

ತಾತ ತಲೆ ಎತ್ತಿ ದನಿ ಬಂದ ಕಡೆ ತಿರುಗಿದರು. ಆ ವಿಷಯ ಆ ಮನೆಯಲ್ಲಿ ಬೀಗದ ಕೈ ಕೊಟ್ಟ ದಿನದಿಂದ ಯಾರೂ ಎತ್ತಿರಲಿಲ್ಲ. ಗಾಳಿಗೆ ಕಂಬಳಿ ಪಟಪಟ ಬಡಿಯುತ್ತಿತ್ತು.

ಕತ್ತಿನ ಮೇಲಿನ ಬೆರಳು ಸಡಿಲವಾದದ್ದು ಎಲ್ಲರಿಗಿಂತ ಮೊದಲು ಹುಂಜಕ್ಕೆ ತಿಳಿಯಿತು. ಅದು ತಲೆ ಕೊಡವಿತು. ತಾತ ಅದನ್ನು ಕಂಕುಳಲ್ಲಿ ಅವುಚಿಕೊಂಡು, ಕೋಲು ಬಿಟ್ಟು, ಬೇಲಿ ಹಿಡಿದುಕೊಂಡು ಗೂಡಿನವರೆಗೆ ನಡೆದರು. ಮಗಳು ಬಾಗಿಲು ತೆಗೆದರು. ತಾತ ಬಗ್ಗಿ, ಕೈಯಾರೆ ಹುಂಜವನ್ನು ಒಳಗೆ ಬಿಟ್ಟರು.

"ನಮ್ಮದೇ," ಎಂದರು, ಯಾರಿಗೆಂದಿಲ್ಲದೆ. "ಮೈಯೆಲ್ಲ ನಮ್ಮದೇ."

ಮರುದಿನ ಬೆಳಿಗ್ಗೆ ಮೊಟ್ಟೆಯ ತಟ್ಟೆ ಮುಂದೆ ಬಂದಾಗ ತಾತ ಅದನ್ನು ಮುಟ್ಟದೆ, ಇದು ನಿನ್ನ ಮಾವನ ಗರಗಸಗಳದಾ ಎಂದು ಕೇಳಿದರು. ಹೌದು ಎಂದ ಮೇಲೆ ಪೂರ್ತಿ ತಿಂದು, ಉಪ್ಪು ಕಮ್ಮಿ ಎಂದರು. ಮಾವನ ಜೊತೆ ಮಾತು ಮಾತ್ರ ಬಹಳ ದಿನ ಆಡಲಿಲ್ಲ. ಮಾವ ಅದನ್ನು ಲಾಭವೆಂದೇ ಲೆಕ್ಕ ಹಾಕಿದರು.

ಹೊಸ ಮೊಟ್ಟೆಗಳು ಕಾವಿಗೆ ಹೋದವು. ಒಂದೊಂದರ ಮೇಲೂ ಯಾವ ಹೇಂಟೆಯದೆಂದು ಪೆನ್ಸಿಲ್ ಗುರುತು. ನೋಡುವ ದಿನ ತಾತ ಗೋಡೆಯ ಆಚೆ ಕೂರಲಿಲ್ಲ. ಉಗ್ರಾಣಕ್ಕೇ ಬಂದು ಅಕ್ಕಿ ಡಬ್ಬದ ಮೇಲೆ ಕೂತರು. ಟವೆಲನ್ನು ಸಂದಿಗೆ ತುರುಕಿದ್ದೂ ಅವರೇ.

ಮೊದಲನೆಯದು ಖಾಲಿ. ಅಕ್ಕ ಅದನ್ನು ಬದಿಗಿಟ್ಟ ಸದ್ದಿನಿಂದಲೇ ತಾತನಿಗೆ ತಿಳಿಯಿತು. ಎರಡನೆಯದೂ ಖಾಲಿ. ಮೂರನೆಯದನ್ನು ಕೊಳವೆಯ ಮೇಲಿಟ್ಟು, ತಿರುಗಿಸಿ, ಇನ್ನೊಮ್ಮೆ ತಿರುಗಿಸಿ, ಹಾಗೇ ನಿಂತರು. ಬೆಳಕಿನ ನಡುವೆ ಕಪ್ಪು ಚುಕ್ಕೆ. ಚುಕ್ಕೆಯ ಸುತ್ತ ಕೆಂಪು ಎಳೆಗಳು ಎಲ್ಲ ದಿಕ್ಕಿಗೂ ಕಾಲು ಚಾಚಿದ್ದವು. ಚುಕ್ಕೆ ಮಿಡಿಯುತ್ತಿತ್ತು.

"ಏನು?" ಎಂದರು ತಾತ.

"ಇದೆ."

"ಯಾರದು?"

ಅಕ್ಕ ಪೆನ್ಸಿಲ್ ಗುರುತು ನೋಡಿದರು. "ಕುಂಟೀದು."

ಅಕ್ಕ ಮುಂದಿನದನ್ನು ಎತ್ತಿದರು. ಅದರಲ್ಲೂ ಇತ್ತು. ಅದರ ಮುಂದಿನದರಲ್ಲೂ. ತಟ್ಟೆ ಮುಗಿಯುವಷ್ಟರಲ್ಲಿ ಖಾಲಿಯವು ಬದಿಯಲ್ಲಿ ಕೆಲವೇ ಇದ್ದವು. ಉಳಿದವನ್ನು ಒಂದೊಂದಾಗಿ ಕಾವುಪೆಟ್ಟಿಗೆಗೆ ಮರಳಿಸಿ ಅಕ್ಕ ಬಾಗಿಲು ತೆಗೆಯಲು ಹೊರಟಾಗ ತಾತ ತಡೆದರು.

"ಈ ಮರಿಗಳೆಲ್ಲ ಗುಲಾಬಿನೇ ಅಲ್ವಾ?"

"ಗುಲಾಬಿನೇ. ಡಾಕ್ಟರು ಹೇಳಿದ್ರಲ್ಲ."

"ಅವುಗಳ ಮರಿ?"

"ಅದರಲ್ಲಿ ಒಂದೊಂದು ಗರಗಸ ಇರುತ್ತೆ."

ತಾತ ಅಕ್ಕಿ ಡಬ್ಬದ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು.

"ಆ ಬೆತ್ತದ ಬುಟ್ಟಿ ಎಲ್ಲಿದೆ?"

"ಅಟ್ಟದ ಮೇಲೆ."

"ಅಲ್ಲೇ ಇರಲಿ," ಎಂದರು.